ವೈಫೈನಲ್ಲಿ 280, ಲ್ಯಾನ್ ಕೇಬಲ್‌ನಲ್ಲಿ ಬರೀ 94: ತಪ್ಪು ಎಲ್ಲಿದೆ?

ಮಹಡಿಕೋಣೆ · ಸೋಮವಾರ ರಾತ್ರಿ

ಎಲ್ಲರಿಗೂ ನಮಸ್ಕಾರ. ಮೂರು ವಾರದಿಂದ ಇದೇ ಚಿಂತೆಯಾಗಿದೆ. ಗೊತ್ತಿರುವವರು ದಯವಿಟ್ಟು ದಾರಿ ತೋರಿಸಿ.

ಮನೆಯ ಕನೆಕ್ಷನ್ 300 ಎಂಬಿಪಿಎಸ್. ರೂಟರ್ ಕೆಳಗೆ ಹಾಲ್‌ನಲ್ಲಿದೆ, ನನ್ನ ಡೆಸ್ಕ್‌ಟಾಪ್ ಮಹಡಿ ಮೇಲಿದೆ. ನಡುವೆ ಸುಮಾರು 20 ಮೀಟರ್ ಲ್ಯಾನ್ ಕೇಬಲ್. ಎರಡು ವರ್ಷ ಏನೂ ತೊಂದರೆ ಇರಲಿಲ್ಲ, 290ರ ಹತ್ತಿರ ಬರುತ್ತಿತ್ತು. ಈಗ ಬೆಳಿಗ್ಗೆ, ಮಧ್ಯಾಹ್ನ, ರಾತ್ರಿ ಯಾವಾಗ ಟೆಸ್ಟ್ ಮಾಡಿದರೂ 94. ಪಕ್ಕದಲ್ಲೇ ಫೋನ್ ಇಟ್ಟುಕೊಂಡು ವೈಫೈನಲ್ಲಿ ನೋಡಿದರೆ 280. ತಂತಿ ಹಾಕಿದ್ದೇ ಸ್ಪೀಡ್ ಜಾಸ್ತಿ ಸಿಗಲಿ ಅಂತ ಅಲ್ವಾ?

ರೂಟರ್ ಆಫ್ ಮಾಡಿ ಆನ್ ಮಾಡಿದೆ. ನೆಟ್‌ವರ್ಕ್ ಡ್ರೈವರ್ ತೆಗೆದು ಮತ್ತೆ ಹಾಕಿದೆ. ಆಂಟಿವೈರಸ್ ನಿಲ್ಲಿಸಿಯೂ ನೋಡಿದೆ. ಕಂಪನಿಗೆ ಫೋನ್ ಮಾಡಿದರೆ "ನಮ್ಮ ಕಡೆಯಿಂದ ಲೈನ್ ಸರಿ ಇದೆ" ಎಂದರು.

ನಾನು ಮಕ್ಕಳ ಪಾಠದ ವಿಡಿಯೊ ಎಡಿಟ್ ಮಾಡುವವಳು. ಒಂದೊಂದು ಫೈಲ್ 20 ಜಿಬಿ ಇರುತ್ತದೆ. ಮೊದಲು ಹತ್ತು ನಿಮಿಷಕ್ಕೆ ಇಳಿಯುತ್ತಿದ್ದದ್ದು ಈಗ ಅರ್ಧ ಗಂಟೆ. ಹೊಸ ಕಂಪ್ಯೂಟರ್ ತೆಗೆದುಕೊಳ್ಳಬೇಕಾ, ಹೊಸ ರೂಟರ್ ಬೇಕಾ, ಒಂದೂ ತಿಳಿಯುತ್ತಿಲ್ಲ.

ರಾತ್ರಿಪಾಳಿ

ಮೇಡಂ, ಸದ್ಯಕ್ಕೆ ಏನನ್ನೂ ಕೊಳ್ಳಬೇಡಿ. ನೀವು ಹೇಳಿದ 94ರಲ್ಲೇ ಅರ್ಧ ಉತ್ತರ ಇದೆ.

ಇಂಟರ್ನೆಟ್ ನಿಜವಾಗಿಯೂ ನಿಧಾನ ಇದ್ದರೆ ಸಂಖ್ಯೆ ಕುಣಿಯುತ್ತದೆ. ಒಮ್ಮೆ 60, ಒಮ್ಮೆ 180, ರಾತ್ರಿ ಇನ್ನೊಂದು. ಪ್ರತಿ ಸಲವೂ 94 ಅಥವಾ 95ಕ್ಕೆ ಬಂದು ನಿಲ್ಲುತ್ತಿದೆ ಎಂದರೆ ಕಂಪ್ಯೂಟರ್ ಮತ್ತು ರೂಟರ್ ನಡುವಿನ ಲಿಂಕ್ 1000 ಎಂಬಿಪಿಎಸ್‌ನಿಂದ 100ಕ್ಕೆ ಇಳಿದಿದೆ.

100 ಇದ್ದರೆ 100 ಯಾಕೆ ಬರಲ್ಲ ಎಂದು ಕೇಳಬಹುದು. ಪ್ರತಿ ಪ್ಯಾಕೆಟ್‌ಗೂ ವಿಳಾಸ, ಲೆಕ್ಕ ತಾಳೆ ನೋಡುವ ಬೈಟ್‌ಗಳು, ನಡುವಿನ ಬಿಡುವು ಎಲ್ಲ ಸೇರುತ್ತವೆ. ತಂತಿಯ ಮೇಲೆ 1538 ಬೈಟ್ ಹೋದರೆ ನಿಮ್ಮ ಫೈಲ್‌ಗೆ ಸೇರುವುದು 1460. ಭಾಗಿಸಿ ನೋಡಿ, 100ಕ್ಕೆ ಸುಮಾರು 95. ನಿಮ್ಮ 94 ಅಲ್ಲಿಂದಲೇ ಬಂದದ್ದು.

ಈಗ ಒಂದೇ ಒಂದು ಕೆಲಸ ಮಾಡಿ. ವಿಂಡೋಸ್ 11 ಆದರೆ ಸೆಟ್ಟಿಂಗ್ಸ್‌ನಲ್ಲಿ ನೆಟ್‌ವರ್ಕ್ ಅಂಡ್ ಇಂಟರ್ನೆಟ್, ಅದರೊಳಗೆ ಈಥರ್ನೆಟ್ ತೆರೆಯಿರಿ. ಕೆಳಗೆ "ಲಿಂಕ್ ಸ್ಪೀಡ್" ಎಂದಿರುತ್ತದೆ. ಅಲ್ಲಿ 1000/1000 ಇದೆಯಾ, 100/100 ಇದೆಯಾ? ಲಿನಕ್ಸ್ ಇರುವವರು ಇಥ್‌ಟೂಲ್ ಎಂಬ ಕಮಾಂಡ್‌ನಲ್ಲಿ ನೋಡಬಹುದು. ಇದು ಸ್ಪೀಡ್ ಟೆಸ್ಟ್ ಅಲ್ಲ. ಎರಡು ಪೋರ್ಟ್‌ಗಳು ತಮ್ಮೊಳಗೆ ಒಪ್ಪಿಕೊಂಡ ವೇಗ.

ಸಣ್ಣದೀಪ

ಕೇಬಲ್ ಚುಚ್ಚುವ ಜಾಗದಲ್ಲಿ ಪುಟ್ಟ ದೀಪಗಳಿರುತ್ತವೆ, ಅವನ್ನೂ ನೋಡಿ. ನನ್ನ ರೂಟರ್‌ನಲ್ಲಿ ಗಿಗಾಬಿಟ್ (ಅಂದರೆ 1000) ಆದರೆ ಹಸಿರು, 100 ಆದರೆ ಕಿತ್ತಳೆ. ಆದರೆ ಒಬ್ಬೊಬ್ಬ ತಯಾರಕರದ್ದು ಒಂದೊಂದು ಬಣ್ಣ. ಕೆಲವರಲ್ಲಿ ಪೂರ್ತಿ ಉಲ್ಟಾ. ಹಾಗಾಗಿ ಬಣ್ಣ ನೋಡಿ ತೀರ್ಮಾನ ಮಾಡಬೇಡಿ, ಲಿಂಕ್ ಸ್ಪೀಡ್ ಸಂಖ್ಯೆಯನ್ನೇ ನಂಬಿ.

ಹಳೆಪೋರ್ಟ್

ಡಿವೈಸ್ ಮ್ಯಾನೇಜರ್‌ಗೆ ಹೋಗಿ. ನೆಟ್‌ವರ್ಕ್ ಅಡಾಪ್ಟರ್, ಅದರ ಪ್ರಾಪರ್ಟೀಸ್, ಅಡ್ವಾನ್ಸ್ಡ್. ಅಲ್ಲಿ "ಸ್ಪೀಡ್ ಅಂಡ್ ಡುಪ್ಲೆಕ್ಸ್" ಅಂತ ಇರುತ್ತದೆ. ಆಟೋ ತೆಗೆದು 1.0 ಜಿಬಿಪಿಎಸ್ (ಅಂದರೆ 1000) ಫುಲ್ ಡುಪ್ಲೆಕ್ಸ್ (ಎರಡೂ ಕಡೆಯಿಂದ ಒಟ್ಟಿಗೆ ಕಳಿಸುವುದು) ಮಾಡಿ. ಇನ್ನೊಂದು, ವಿಂಡೋಸ್ ತನಗೆ ಅಂತ 20 ಪರ್ಸೆಂಟ್ ಸ್ಪೀಡ್ ಹಿಡಿದಿಟ್ಟುಕೊಳ್ಳುತ್ತದೆ. ಗ್ರೂಪ್ ಪಾಲಿಸಿಯಲ್ಲಿ ಅದನ್ನು ಸೊನ್ನೆ ಮಾಡಿದರೆ ಅದೂ ಸಿಗುತ್ತದೆ.

ಮಹಡಿಕೋಣೆ · ಮಂಗಳವಾರ ಬೆಳಿಗ್ಗೆ

ರಾತ್ರಿಪಾಳಿ ಸರ್, ನೀವು ಹೇಳಿದ್ದೇ ಸರಿ. ಲಿಂಕ್ ಸ್ಪೀಡ್ 100/100 ಎಂದಿದೆ. ಎರಡು ವರ್ಷದಲ್ಲಿ ಒಮ್ಮೆಯೂ ಆ ಜಾಗ ನೋಡಿರಲಿಲ್ಲ.

ಹಳೆಪೋರ್ಟ್ ಅವರು ಹೇಳಿದಂತೆ 1.0 ಜಿಬಿಪಿಎಸ್ ಮಾಡಿದೆ. ಇದ್ದ ಇಂಟರ್ನೆಟ್ಟೂ ಹೋಯಿತು! ಕೇಬಲ್ ಚುಚ್ಚಿಯೇ ಇಲ್ಲ ಎಂದು ತೋರಿಸಿತು. ಗಾಬರಿಯಾಗಿ ಮತ್ತೆ ಆಟೋಗೆ ಹಾಕಿದೆ, ಮೊದಲಿನ ಹಾಗೆ 100ಕ್ಕೆ ಬಂತು.

ತಂತಿಮನೆ

ನಾನು ಹದಿನೈದು ವರ್ಷದಿಂದ ಕೇಬಲಿಂಗ್ ಕೆಲಸದಲ್ಲಿದ್ದೇನೆ. ಮೇಡಂ, ನಿಮಗೆ ಗೊತ್ತಿಲ್ಲದೆಯೇ ಒಂದು ಒಳ್ಳೆಯ ಪರೀಕ್ಷೆ ಮಾಡಿದ್ದೀರಿ. 1000ಕ್ಕೆ ಕಟ್ಟಿಹಾಕಿದಾಗ ಲಿಂಕ್ ಸತ್ತಿತು, ಬಿಟ್ಟಾಗ 100ಕ್ಕೆ ಬಂತು. ನನ್ನ ಲೆಕ್ಕದಲ್ಲಿ ಕೇಬಲ್ ಒಳಗೆ ತಂತಿ ತುಂಡಾಗಿದೆ.

ಲ್ಯಾನ್ ಕೇಬಲ್‌ನಲ್ಲಿ 8 ತಂತಿ. ಎರಡೆರಡು ಹೆಣೆದುಕೊಂಡು 4 ಜೋಡಿ. 1995ರಲ್ಲಿ ಬಂದ 100 ಎಂಬಿಪಿಎಸ್ ಪದ್ಧತಿಗೆ ಎರಡೇ ಜೋಡಿ ಸಾಕು: 1, 2, 3, 6ನೇ ಪಿನ್‌ಗಳು. ಉಳಿದ ನಾಲ್ಕು ಸುಮ್ನೆ ಇರುತ್ತವೆ. 1999ರಲ್ಲಿ ಬಂದ ಗಿಗಾಬಿಟ್ ಪದ್ಧತಿಗೆ ಎಂಟೂ ಬೇಕು. ಒಂದು ಎಳೆ ಕೈಕೊಟ್ಟರೂ 1000 ನಿಲ್ಲುವುದಿಲ್ಲ. ಆಗ ಎಷ್ಟೋ ನೆಟ್‌ವರ್ಕ್ ಕಾರ್ಡ್‌ಗಳು ತಾವಾಗಿಯೇ 100ಕ್ಕೆ ಇಳಿದು ಕೆಲಸ ಮುಂದುವರಿಸುತ್ತವೆ. ಇಂಟರ್ನೆಟ್ ನಡೆಯುತ್ತಲೇ ಇರುವುದರಿಂದ ಯಾರಿಗೂ ಕೇಬಲ್ ಮೇಲೆ ಅನುಮಾನ ಬರುವುದಿಲ್ಲ.

ಇದೇ ಲಕ್ಷಣ ಬೇರೆ ಕಾರಣಕ್ಕೂ ಬರಬಹುದು. ನಡುವೆ ಹಳೆಯ 100ರ ನೆಟ್‌ವರ್ಕ್ ಸ್ವಿಚ್ (ಹಲವು ಕೇಬಲ್ ಕೂಡಿಸುವ ಪೆಟ್ಟಿಗೆ) ಇರಬಹುದು. ಒಂದೇ ಕೇಬಲ್‌ನ ಎಂಟು ತಂತಿಯನ್ನು ನಾಲ್ಕು ನಾಲ್ಕು ಮಾಡಿ ಎರಡು ಕಂಪ್ಯೂಟರ್‌ಗೆ ಕೊಟ್ಟಿರಬಹುದು, ಅದನ್ನೂ ಎಷ್ಟೋ ಮನೆಗಳಲ್ಲಿ ನೋಡಿದ್ದೇನೆ. ಆದರೆ ನಿಮ್ಮದು ಎರಡು ವರ್ಷ 290 ಕೊಟ್ಟಿದೆ. ಅಂದರೆ ಆಗ ಎಂಟೂ ತಂತಿ ಸರಿ ಇದ್ದವು. ಮೂರು ವಾರದ ಹಿಂದೆ ಏನೋ ಆಗಿದೆ.

ಲ್ಯಾಪ್‌ಟಾಪ್ ಇದ್ದರೆ ಹೀಗೆ ಮಾಡಿ. ಮಹಡಿಯಲ್ಲಿ ಅದೇ ಉದ್ದ ಕೇಬಲ್ ಅನ್ನು ಡೆಸ್ಕ್‌ಟಾಪ್‌ನಿಂದ ಕಿತ್ತು ಲ್ಯಾಪ್‌ಟಾಪ್‌ಗೆ ಹಾಕಿ, ಲಿಂಕ್ ಸ್ಪೀಡ್ ನೋಡಿ. ಆಮೇಲೆ ರೂಟರ್ ಕಡೆಯ ತುದಿಯನ್ನು ಬೇರೆ ಪೋರ್ಟ್‌ಗೆ ಹಾಕಿ ನೋಡಿ. ಕೊನೆಗೆ ಲ್ಯಾಪ್‌ಟಾಪ್ ಕೆಳಗೆ ತೆಗೆದುಕೊಂಡು ಹೋಗಿ, ರೂಟರ್ ಜೊತೆ ಬಂದ ಗಿಡ್ಡ ಕೇಬಲ್‌ನಲ್ಲಿ ನೋಡಿ. ಒಂದು ಸಲಕ್ಕೆ ಒಂದನ್ನು ಮಾತ್ರ ಬದಲಾಯಿಸಿ. ಎರಡು ಒಟ್ಟಿಗೆ ಬದಲಾಯಿಸಿದರೆ ಯಾವುದರಿಂದ ಸರಿಹೋಯಿತು ಅಂತ ಗೊತ್ತಾಗಲ್ಲ.

ರಾತ್ರಿಪಾಳಿ

ಹಳೆಪೋರ್ಟ್ ಅವರೇ, ಬೇಜಾರು ಮಾಡಿಕೊಳ್ಳಬೇಡಿ, ಆದರೆ ಎರಡೂ ಸಲಹೆ ಬಗ್ಗೆ ಹೇಳಲೇಬೇಕು. ಮುಂದೆ ಇದನ್ನು ಓದುವವರೂ ಅದನ್ನೇ ಮಾಡುತ್ತಾರೆ.

ತಾಮ್ರದ ಗಿಗಾಬಿಟ್‌ಗೆ ಆಟೋ ನೆಗೋಷಿಯೇಷನ್ (ಎರಡು ಪೋರ್ಟ್‌ಗಳು ತಾವೇ ಮಾತಾಡಿಕೊಂಡು ವೇಗ ಒಪ್ಪಿಕೊಳ್ಳುವುದು) ಬೇಕೇ ಬೇಕು, ಅದು ಆ ಪದ್ಧತಿಯ ಭಾಗ. ಅದಕ್ಕಿಂತ ಅಪಾಯ ಅಂದರೆ ಒಂದು ಕಡೆ ಆಟೋ ಬಿಟ್ಟು ಇನ್ನೊಂದು ಕಡೆ 100 ಫುಲ್ ಡುಪ್ಲೆಕ್ಸ್‌ಗೆ ಕಟ್ಟಿಹಾಕುವುದು. ಆಟೋ ಇರುವ ಕಡೆಗೆ ಉತ್ತರ ಸಿಗುವುದಿಲ್ಲ. ವೇಗವನ್ನು ಅದು ಕಂಡುಹಿಡಿಯುತ್ತದೆ, ಆದರೆ ಹಾಫ್ ಡುಪ್ಲೆಕ್ಸ್ (ಒಂದು ಸಲಕ್ಕೆ ಒಂದೇ ಕಡೆಯವರು ಕಳಿಸುವುದು) ಎಂದುಕೊಳ್ಳುತ್ತದೆ. ಒಂದು ಕಡೆಯವರು ಎದುರಿನವರು ಮಾತು ಮುಗಿಸಲಿ ಎಂದು ಕಾಯುತ್ತಾರೆ, ಇನ್ನೊಂದು ಕಡೆಯವರು ಕಾಯದೆ ಮಾತಾಡುತ್ತಲೇ ಇರುತ್ತಾರೆ. ಪಿಂಗ್ ಮಾಡಿದರೆ (ಸಣ್ಣ ಪ್ಯಾಕೆಟ್ ಕಳಿಸಿ ಉತ್ತರ ಬರುತ್ತದಾ ಎಂದು ನೋಡಿದರೆ) ಎಲ್ಲ ಚೆನ್ನಾಗಿದೆ ಅನ್ನಿಸುತ್ತದೆ. ದೊಡ್ಡ ಫೈಲ್ ಹಾಕಿದ ಕೂಡಲೇ ಡಿಕ್ಕಿ ಶುರುವಾಗಿ ವೇಗ ಪಾತಾಳಕ್ಕೆ ಇಳಿಯುತ್ತದೆ. ನಾನು ಒಮ್ಮೆ ಇದನ್ನು ಹುಡುಕುತ್ತಾ ಎರಡು ರಾತ್ರಿ ಕಳೆದಿದ್ದೇನೆ. ಮನೆಯಲ್ಲಿ ಆಟೋ ಮುಟ್ಟಬೇಡಿ.

20 ಪರ್ಸೆಂಟ್ ಕಥೆ ವಿಂಡೋಸ್ ಎಕ್ಸ್‌ಪಿ ಕಾಲದ್ದು, ಆಗಲೂ ನಿಜ ಇರಲಿಲ್ಲ. ಯಾವುದಾದರೂ ಪ್ರೋಗ್ರಾಂ ಆದ್ಯತೆ ಕೇಳಿದಾಗ ಮಾತ್ರ ಆ ಮಿತಿ ಲೆಕ್ಕಕ್ಕೆ ಬರುತ್ತದೆ. ಕೇಳದಿದ್ದರೆ ಪೂರ್ತಿ ವೇಗ ಎಲ್ಲರಿಗೂ ಸಿಗುತ್ತದೆ. ಮೈಕ್ರೋಸಾಫ್ಟ್‌ನವರೇ ಇದನ್ನು ಸ್ಪಷ್ಟ ಮಾಡಿದ್ದಾರೆ.

ಹಳೆಪೋರ್ಟ್

ಬೇಜಾರೇನಿಲ್ಲ. 20ರ ವಿಷಯ ಎಷ್ಟೋ ಕಡೆ ಓದಿ ನಿಜ ಅಂತಲೇ ನಂಬಿದ್ದೆ. ಮೇಡಂ, ತೊಂದರೆ ಕೊಟ್ಟಿದ್ದಕ್ಕೆ ಕ್ಷಮಿಸಿ.

ಮಹಡಿಕೋಣೆ · ಮಂಗಳವಾರ ರಾತ್ರಿ

ಪರವಾಗಿಲ್ಲ ಸರ್, ಅದರಿಂದಲೇ ಒಂದು ಸುಳಿವು ಸಿಕ್ಕಿತಲ್ಲ.

ಮೂರೂ ಮಾಡಿದೆ. ಉದ್ದ ಕೇಬಲ್‌ನಲ್ಲಿ ಲ್ಯಾಪ್‌ಟಾಪ್: 100. ರೂಟರ್‌ನ ಬೇರೆ ಪೋರ್ಟ್: 100. ಕೆಳಗೆ ಗಿಡ್ಡ ಕೇಬಲ್: 1000! ಸ್ಪೀಡ್ ಟೆಸ್ಟ್ 291. ನನ್ನ ಕಂಪ್ಯೂಟರ್‌ದೂ ತಪ್ಪಲ್ಲ, ರೂಟರ್‌ದೂ ಅಲ್ಲ.

ಆಮೇಲೆ ಕೇಬಲ್ ಅನ್ನು ಒಂದು ತುದಿಯಿಂದ ಬೆರಳಲ್ಲಿ ಸವರುತ್ತಾ ಬಂದೆ. ಮೆಟ್ಟಿಲ ಹತ್ತಿರ ಸರಿ, ಬಾಗಿಲ ಹತ್ತಿರ ಸರಿ. ಮೇಜಿನಿಂದ ಒಂದು ಮೀಟರ್ ದೂರದಲ್ಲಿ ಕೇಬಲ್ ಚಪ್ಪಟೆಯಾಗಿದೆ. ಆಗ ನೆನಪಾಯಿತು. ಮೂರು ವಾರದ ಹಿಂದೆ ಮೇಜನ್ನು ಕಿಟಕಿ ಕಡೆಗೆ ಸರಿಸಿದ್ದೆ. ಅವತ್ತಿನಿಂದ ಕುರ್ಚಿಯ ಚಕ್ರ ಅದರ ಮೇಲೇ ಓಡಾಡುತ್ತಿದೆ.

ಹೊರಗಿನ ಬೂದು ಹೊದಿಕೆ ಎಲ್ಲೂ ಹರಿದಿಲ್ಲ. ಬ್ಲೇಡಿನಿಂದ ಉದ್ದಕ್ಕೆ ಸೀಳಿ ನೋಡಿದೆ. ನೀಲಿ ತಂತಿ ನೋಡಲು ಇಡಿಯಾಗಿಯೇ ಇತ್ತು. ಮೆಲ್ಲಗೆ ಎಳೆದರೆ ಪ್ಲಾಸ್ಟಿಕ್ ರಬ್ಬರಿನಂತೆ ಹಿಗ್ಗಿತು. ಒಳಗೆ ತಾಮ್ರ ಎರಡು ತುಂಡು.

ತಂತಿಮನೆ

ನೀಲಿ ಜೋಡಿ 4 ಮತ್ತು 5ನೇ ಪಿನ್‌ಗೆ ಹೋಗುತ್ತದೆ. 100ಕ್ಕೆ ಅದು ಬೇಕಿಲ್ಲ. ಎಲ್ಲ ತಾಳೆಯಾಯಿತು.

ಕೇಬಲ್ ಬಿಸಾಡಬೇಡಿ. ಏಟು ಬಿದ್ದಿರುವುದು ತುದಿಯ ಹತ್ತಿರ. ಆ ಒಂದು ಮೀಟರ್ ಕತ್ತರಿಸಿ, ಹೊಸ ಆರ್‌ಜೆ45 ಕನೆಕ್ಟರ್ (ಲ್ಯಾನ್ ಕೇಬಲ್ ತುದಿಯ ಪ್ಲಾಸ್ಟಿಕ್ ಪ್ಲಗ್) ಹಾಕಿ ಕ್ರಿಂಪ್ ಮಾಡಿದರೆ, ಅಂದರೆ ಟೂಲ್‌ನಿಂದ ಒತ್ತಿ ಕೂರಿಸಿದರೆ, ಸಾಕು. ತುಂಡಾದ ಕಡೆ ತಂತಿ ಹೊಸೆದು ಟೇಪ್ ಸುತ್ತುವುದು ಮಾತ್ರ ಬೇಡ. ಕ್ರಿಂಪಿಂಗ್ ಟೂಲ್ ಯಾರ ಬಳಿಯಾದರೂ ಇದ್ದರೆ ಇಸಿದುಕೊಳ್ಳಿ, ಕಷ್ಟದ ಕೆಲಸವಲ್ಲ.

ಬೆಳಗಿನಮಂಜು

ನಡುವೆ ಬಂದಿದ್ದಕ್ಕೆ ಕ್ಷಮಿಸಿ. ಇದನ್ನು ಓದಿ ನನ್ನ ಲಿಂಕ್ ಸ್ಪೀಡ್ ನೋಡಿದೆ, 1000/1000 ಇದೆ. ಸ್ಪೀಡ್ ಟೆಸ್ಟ್ ಕೂಡ 200 ತೋರಿಸುತ್ತದೆ, ನನ್ನ ಪ್ಲಾನ್ ಅಷ್ಟೇ. ಆದರೆ ಏನಾದರೂ ಡೌನ್‌ಲೋಡ್ ಹಾಕಿದರೆ ಸೆಕೆಂಡಿಗೆ 3 ಎಂಬಿ. ದೂರ ದೇಶದ ಸರ್ವರ್ ಆದರೆ ಅರ್ಧ ಎಂಬಿಯೂ ಇಲ್ಲ. ಅದೇ ಕೇಬಲ್ ಅನ್ನು ತಂಗಿಯ ಲ್ಯಾಪ್‌ಟಾಪ್‌ಗೆ ಹಾಕಿದರೆ ಅದೇ ಫೈಲ್ 24ರಲ್ಲಿ ಇಳಿಯುತ್ತದೆ. ನನ್ನದೂ ಕೇಬಲ್ ತೊಂದರೆಯೇ?

ರಾತ್ರಿಪಾಳಿ

ಅಲ್ಲ. ಅದೇ ಕೇಬಲ್‌ನಲ್ಲಿ ತಂಗಿಯವರಿಗೆ 24 ಎಂಬಿ (ಮೆಗಾಬೈಟ್) ಬರುತ್ತಿದೆ ಎಂದರೆ 8ರಿಂದ ಗುಣಿಸಿ (ಒಂದು ಬೈಟ್‌ಗೆ 8 ಬಿಟ್), 192 ಎಂಬಿಪಿಎಸ್, ಅಂದರೆ ಸೆಕೆಂಡಿಗೆ 192 ಮೆಗಾಬಿಟ್. ಪ್ಲಾನ್ ಪೂರ್ತಿ ಸಿಗುತ್ತಿದೆ. ತೊಂದರೆ ನಿಮ್ಮ ಕಂಪ್ಯೂಟರ್ ಒಳಗೇ ಇದೆ. ಒಂದು ಪ್ರಶ್ನೆ: "ಇಂಟರ್ನೆಟ್ ಸ್ಪೀಡ್ ಹೆಚ್ಚಿಸುತ್ತೇವೆ" ಎನ್ನುವ ಯಾವುದಾದರೂ ಸಾಫ್ಟ್‌ವೇರ್ ಹಾಕಿದ್ದಿರಾ?

ಬೆಳಗಿನಮಂಜು

ಹೌದು, ಆರು ತಿಂಗಳ ಹಿಂದೆ ಒಂದು ಬೂಸ್ಟರ್ ಹಾಕಿದ್ದೆ. ಏನೂ ಉಪಯೋಗ ಆಗಲಿಲ್ಲ ಅಂತ ತೆಗೆದುಬಿಟ್ಟೆ.

ಮಹಡಿಕೋಣೆ · ಬುಧವಾರ ಸಂಜೆ

ತಂತಿಮನೆ ಸರ್, ಕ್ರಿಂಪ್ ಮಾಡಿದೆ. ಇನ್ನೊಂದು ತುದಿಯ ಕನೆಕ್ಟರ್‌ನ ಕ್ಲಿಪ್ ಮುರಿದಿತ್ತು, ಅದನ್ನೂ ಹೊಸದು ಮಾಡಿದೆ. ಎರಡೂ ತುದಿಗೂ ಒಂದೇ ಬಣ್ಣದ ಸಾಲು ಹಾಕಿದೆ. ಟೆಸ್ಟರ್ ಹಾಕಿದರೆ 8 ದೀಪವೂ ಸಾಲಾಗಿ ಹತ್ತಿತು. ಕಂಪ್ಯೂಟರ್‌ಗೆ ಹಾಕಿದರೆ 1000 ಎಂದು ಬಂತು. ಐದು ನಿಮಿಷಕ್ಕೆ ಲಿಂಕ್ ಕಡಿದು ಮತ್ತೆ 100! ಈ ಸಲ 94 ಕೂಡ ಬರುತ್ತಿಲ್ಲ, 20, 35, 12 ಎಂದು ಕುಣಿಯುತ್ತಿದೆ. ನಾನೇ ಕೆಡಿಸಿಬಿಟ್ಟೆನಾ?

ತಂತಿಮನೆ

ಸಮಾಧಾನ. ಬಣ್ಣಗಳನ್ನು ಯಾವ ಸಾಲಿನಲ್ಲಿ ಹಾಕಿದ್ದೀರಿ, ಎಡದಿಂದ ಬರೆಯಿರಿ. ಕ್ಲಿಪ್ ಹಿಂದೆ ಇರಬೇಕು, ಚಿನ್ನದ ಬಣ್ಣದ ಪಿನ್ ನಿಮ್ಮ ಕಡೆ, ಮೇಲಕ್ಕೆ ಮುಖ ಮಾಡಿ.

ಮಹಡಿಕೋಣೆ

ಬಿಳಿ ಕಿತ್ತಳೆ, ಕಿತ್ತಳೆ, ಬಿಳಿ ಹಸಿರು, ಹಸಿರು, ಬಿಳಿ ನೀಲಿ, ನೀಲಿ, ಬಿಳಿ ಕಂದು, ಕಂದು. ಜೋಡಿ ಜೋಡಿಯಾಗಿ ಇದ್ದರೆ ಚೆನ್ನಾಗಿರುತ್ತದೆ ಅಂದುಕೊಂಡೆ.

ತಂತಿಮನೆ

ಸಿಕ್ಕಿತು. ಹೊಸಬರಲ್ಲಿ ಹತ್ತಕ್ಕೆ ಒಂಬತ್ತು ಜನ ಇಲ್ಲೇ ಎಡವುತ್ತಾರೆ.

ಪಿನ್‌ಗಳ ಜೋಡಿ ಅಕ್ಕಪಕ್ಕ ಇರುವುದಿಲ್ಲ. 1-2 ಒಂದು ಜೋಡಿ, 7-8 ಒಂದು ಜೋಡಿ, ನಡುವೆ 4-5 ಒಂದು ಜೋಡಿ. ಉಳಿದ ಜೋಡಿ 3 ಮತ್ತು 6: ಅದು 4-5ರ ಎರಡೂ ಪಕ್ಕ ಕಾಲು ಚಾಚಿಕೊಂಡು ಕೂರುತ್ತದೆ. ನಿಮ್ಮ ಸಾಲಿನಲ್ಲಿ 3ಕ್ಕೆ ಹಸಿರು ಜೋಡಿಯ ಎಳೆ, 6ಕ್ಕೆ ನೀಲಿ ಜೋಡಿಯ ಎಳೆ ಹೋಗಿದೆ. ತಂತಿ ಮುಟ್ಟುತ್ತಿದೆ, ಆದರೆ ಹೆಣಿಗೆ ತಪ್ಪಿದೆ.

ಹೆಣಿಗೆ ಯಾಕೆ ಅಷ್ಟು ಮುಖ್ಯ? ಒಂದೇ ಸಿಗ್ನಲ್ ಎರಡು ಎಳೆಯಲ್ಲಿ ಒಂದಕ್ಕೊಂದು ಉಲ್ಟಾ ಹೋಗುತ್ತದೆ. ಎರಡೂ ಹೆಣೆದುಕೊಂಡಿದ್ದರೆ ಹೊರಗಿನ ಗದ್ದಲ ಎರಡಕ್ಕೂ ಒಂದೇ ಸಮ ತಾಗುತ್ತದೆ. ಆ ಕಡೆ ಎರಡರ ವ್ಯತ್ಯಾಸ ತೆಗೆದಾಗ ಗದ್ದಲ ಕಳೆದುಹೋಗಿ ಸಿಗ್ನಲ್ ಉಳಿಯುತ್ತದೆ. ನಿಮ್ಮ 3 ಮತ್ತು 6 ಬೇರೆ ಬೇರೆ ಹೆಣಿಗೆಯಲ್ಲಿವೆ, ಹಾಗಾಗಿ ಪಕ್ಕದ ಜೋಡಿಯ ಮಾತೆಲ್ಲ ಇದರೊಳಗೆ ಸೋರುತ್ತದೆ. 3 ಮತ್ತು 6 ಅಂದರೆ 100ಕ್ಕೂ ಬೇಕಾದ ಪಿನ್. ಅದಕ್ಕೇ ಈ ಸಲ 94 ಕೂಡ ಹೋಯಿತು. ಅಗ್ಗದ ಟೆಸ್ಟರ್ ತಂತಿ ಈ ತುದಿಯಿಂದ ಆ ತುದಿಗೆ ಮುಟ್ಟಿದೆಯಾ ಎಂದಷ್ಟೇ ನೋಡುತ್ತದೆ. ಹೆಣಿಗೆ ತಪ್ಪಿದ್ದು ಅದಕ್ಕೆ ಕಾಣುವುದಿಲ್ಲ.

ಸರಿಯಾದ ಸಾಲು ಇದು: ಬಿಳಿ ಕಿತ್ತಳೆ, ಕಿತ್ತಳೆ, ಬಿಳಿ ಹಸಿರು, ನೀಲಿ, ಬಿಳಿ ನೀಲಿ, ಹಸಿರು, ಬಿಳಿ ಕಂದು, ಕಂದು. ಎರಡೂ ತುದಿಗೆ ಇದೇ. ಹೆಣಿಗೆಯನ್ನು ಕನೆಕ್ಟರ್ ಹತ್ತಿರ 13 ಮಿಲಿಮೀಟರ್‌ಗಿಂತ ಜಾಸ್ತಿ ಬಿಚ್ಚಬೇಡಿ. ಬೂದು ಹೊದಿಕೆಯೂ ಕನೆಕ್ಟರ್ ಒಳಗೆ ಹೋಗಿ ಕಚ್ಚಿಕೊಳ್ಳಬೇಕು, ಇಲ್ಲದಿದ್ದರೆ ಎಳೆದಾಗ ಭಾರ ತಂತಿಗಳ ಮೇಲೆ ಬೀಳುತ್ತದೆ. ಕ್ರಿಂಪ್ ಮಾಡುವ ಮೊದಲು ಕನೆಕ್ಟರ್‌ನ ಮುಂದಿನ ಮುಖ ನೋಡಿ. ಎಂಟು ತಾಮ್ರದ ಚುಕ್ಕಿ ಕಾಣಬೇಕು. ಏಳು ಕಂಡರೆ ಹೊರಗೆಳೆದು ಮತ್ತೆ ಹಾಕಿ.

ರಾತ್ರಿಪಾಳಿ

ಬೆಳಗಿನಮಂಜು, ನಿಮ್ಮದಕ್ಕೆ ಬರುತ್ತೇನೆ. ಅಂಥ ಬೂಸ್ಟರ್‌ಗಳು ವಿಂಡೋಸ್‌ನ ಸೆಟ್ಟಿಂಗ್ ಬದಲಾಯಿಸುತ್ತವೆ. ಸಾಫ್ಟ್‌ವೇರ್ ತೆಗೆದರೂ ಸೆಟ್ಟಿಂಗ್ ವಾಪಸ್ ಬರುವುದಿಲ್ಲ. ಕಮಾಂಡ್ ಪ್ರಾಂಪ್ಟ್ ತೆರೆದು ಇದನ್ನು ಇಂಗ್ಲಿಷ್‌ನಲ್ಲಿ ಟೈಪ್ ಮಾಡಿ: ನೆಟ್‌ಎಸ್‌ಎಚ್ ಇಂಟರ್‌ಫೇಸ್ ಟಿಸಿಪಿ ಶೋ ಗ್ಲೋಬಲ್. ಬರುವ ಪಟ್ಟಿಯಲ್ಲಿ "ರಿಸೀವ್ ವಿಂಡೋ ಆಟೋ-ಟ್ಯೂನಿಂಗ್ ಲೆವೆಲ್" ಎಂಬ ಸಾಲು ಹುಡುಕಿ. ನಾರ್ಮಲ್ ಇರಬೇಕು. ನಿಮ್ಮದು ಡಿಸೇಬಲ್ಡ್ ಇರುತ್ತದೆ ಅಂತ ನನ್ನ ಅನುಮಾನ.

ಏನಾಗುತ್ತದೆ ಎಂದರೆ, "ಸಿಕ್ಕಿತು" ಎಂದು ನಿಮ್ಮ ಕಂಪ್ಯೂಟರ್ ಉತ್ತರ ಕೊಡುವ ಮೊದಲು ಸರ್ವರ್ ಎಷ್ಟು ಕಳಿಸಬಹುದು ಎಂಬುದಕ್ಕೆ ಒಂದು ಮಿತಿ ಇದೆ. ಆಟೋ-ಟ್ಯೂನಿಂಗ್ ಇದ್ದರೆ ಅದು ಬೇಕಾದಂತೆ ಬೆಳೆಯುತ್ತದೆ. ನಿಲ್ಲಿಸಿದರೆ 64 ಕೆಬಿ ಹತ್ತಿರ ಕಟ್ಟಿಬೀಳುತ್ತದೆ. ಹೋಗಿ ಬರಲು 20 ಮಿಲಿಸೆಕೆಂಡ್ ಬೇಕಾದರೆ, ಸೆಕೆಂಡಿಗೆ 50 ಸಲ 64 ಕೆಬಿ. ಸುಮಾರು 26 ಎಂಬಿಪಿಎಸ್, ಅಂದರೆ 3 ಎಂಬಿ ಚಿಲ್ಲರೆ. ನಿಮ್ಮ ಸಂಖ್ಯೆಯೇ ಅದು! 160 ಮಿಲಿಸೆಕೆಂಡ್ ದೂರದ ಸರ್ವರ್ ಆದರೆ 0.4 ಎಂಬಿ. ತಂತಿ ಎಷ್ಟೇ ದೊಡ್ಡದಿದ್ದರೂ ಇದು ಬದಲಾಗಲ್ಲ.

ಸ್ಪೀಡ್ ಟೆಸ್ಟ್ ಮಾತ್ರ ಯಾಕೆ ಸರಿ ತೋರಿಸುತ್ತದೆ? ಅದು ಹತ್ತಿರದ ಸರ್ವರ್ ಆರಿಸಿಕೊಂಡು ಒಟ್ಟಿಗೆ ಹಲವು ಕನೆಕ್ಷನ್ ತೆರೆಯುತ್ತದೆ. ಮಿತಿ ಒಂದೊಂದು ಕನೆಕ್ಷನ್‌ಗೆ ಮಾತ್ರ, ಎಲ್ಲ ಸೇರಿದರೆ 200 ಆಗುತ್ತದೆ.

ಡಿಸೇಬಲ್ಡ್ ಇದ್ದರೆ, ಅಡ್ಮಿನ್ ಆಗಿ ಕಮಾಂಡ್ ಪ್ರಾಂಪ್ಟ್ ತೆರೆದು ಅದೇ ಸಾಲಿನಲ್ಲಿ "ಶೋ ಗ್ಲೋಬಲ್" ಜಾಗಕ್ಕೆ "ಸೆಟ್ ಗ್ಲೋಬಲ್" ಹಾಕಿ, ಮುಂದೆ "ಆಟೋಟ್ಯೂನಿಂಗ್‌ಲೆವೆಲ್" ಎಂದು ಒಂದೇ ಪದವಾಗಿ ಬರೆದು, ಸಮ ಚಿಹ್ನೆ ಹಾಕಿ, "ನಾರ್ಮಲ್" ಎಂದು ಕೊಡಿ.

ಬೆಳಗಿನಮಂಜು

ಡಿಸೇಬಲ್ಡ್ ಎಂದೇ ಇತ್ತು. ನಾರ್ಮಲ್ ಮಾಡಿದೆ. ಈಗ 23, 24 ಎಂಬಿ ಬರುತ್ತಿದೆ. ಆರು ತಿಂಗಳು ಕಂಪನಿಯವರ ಜೊತೆ ಜಗಳ ಆಡಿದ್ದೇನೆ, ಪಾಪ ಅವರದ್ದೇನೂ ತಪ್ಪಿರಲಿಲ್ಲ. ತುಂಬಾ ಥ್ಯಾಂಕ್ಸ್ ಸರ್.

ಮಹಡಿಕೋಣೆ · ಗುರುವಾರ ರಾತ್ರಿ

ಎರಡೂ ತುದಿ ಮತ್ತೆ ಕತ್ತರಿಸಿ, ನೀವು ಬರೆದ ಸಾಲಿನಲ್ಲೇ ಹಾಕಿದೆ. ಒಂದು ತುದಿಯಲ್ಲಿ ಕಂದು ತಂತಿ ಪೂರ್ತಿ ಒಳಗೆ ಹೋಗಿರಲಿಲ್ಲ, ಏಳೇ ಚುಕ್ಕಿ ಕಂಡಿತು. ಹೊರಗೆಳೆದು ಎಂಟನ್ನೂ ಒಂದೇ ಸಮ ಕತ್ತರಿಸಿ ಮತ್ತೆ ಹಾಕಿದೆ.

1000/1000. ನಾಲ್ಕು ಗಂಟೆಯಿಂದ ಹಾಗೇ ಇದೆ. ಸ್ಪೀಡ್ ಟೆಸ್ಟ್ 292. ಇವತ್ತಿನ ಫೈಲ್ ಒಂಬತ್ತು ನಿಮಿಷಕ್ಕೆ ಇಳಿಯಿತು. ಎಷ್ಟು ಖುಷಿಯಾಗಿದೆ ಅಂತ ಹೇಳಲಾರೆ.

ರಾತ್ರಿಪಾಳಿ

ಬಹಳ ಸಂತೋಷ. ಪುರುಸೊತ್ತು ಇದ್ದರೆ ಇನ್ನೊಂದು ಮಾಡಿ. ಲ್ಯಾಪ್‌ಟಾಪ್ ಅನ್ನು ಕೆಳಗೆ ಗಿಡ್ಡ ಕೇಬಲ್‌ನಲ್ಲಿ ರೂಟರ್‌ಗೆ ಹಾಕಿ, ಲ್ಯಾಪ್‌ಟಾಪ್, ಡೆಸ್ಕ್‌ಟಾಪ್ ಎರಡೂ ಕಡೆ ಐಪರ್ಫ್3 ಎಂಬ ವೇಗ ಅಳೆಯುವ ಪ್ರೋಗ್ರಾಂ ಓಡಿಸಿ. ಇದು ಇಂಟರ್ನೆಟ್ ಮುಟ್ಟದೆ ಮನೆಯೊಳಗಿನ ತಂತಿಯನ್ನು ಮಾತ್ರ ಅಳೆಯುತ್ತದೆ. 940ರ ಆಸುಪಾಸು ಬಂದರೆ ನಿಮ್ಮ ಕ್ರಿಂಪಿಂಗ್ ಅಪ್ಪಟ.

ಹಳೆಪೋರ್ಟ್

ಒಂದು ಸಂದೇಹ. ಇಷ್ಟೆಲ್ಲ ಮಾಡುವ ಬದಲು ಹೊಸ ಕ್ಯಾಟ್ 8 ಕೇಬಲ್ (ಕ್ಯಾಟ್ ಅಂದರೆ ಕೇಬಲ್‌ನ ದರ್ಜೆ) ತಂದಿದ್ದರೆ ಇನ್ನೂ ಒಳ್ಳೆಯದಿತ್ತಲ್ವಾ?

ತಂತಿಮನೆ

ಮನೆಗೆ ಬೇಕಿಲ್ಲ. ಒಳ್ಳೆಯ ಕ್ಯಾಟ್ 5ಇ ಕೇಬಲ್ 100 ಮೀಟರ್‌ವರೆಗೆ 1000 ಕೊಡುತ್ತದೆ. ಮುಂದೆ 10 ಗಿಗಾಬಿಟ್ ಯೋಚನೆ ಇದ್ದರೆ ಕ್ಯಾಟ್ 6ಎ ಹಾಕಿ. ಮೇಲಿನ ಅಂಕಿಗಿಂತ ಒಳಗಿನ ಲೋಹ ಮುಖ್ಯ. ಅಲ್ಯೂಮಿನಿಯಂ ಎಳೆಗೆ ತಾಮ್ರ ಲೇಪಿಸಿ ಮಾರುವ ಕೇಬಲ್ ಇದೆ, ಸಿಸಿಎ ಎನ್ನುತ್ತಾರೆ. ಹಗುರ ಇರುತ್ತದೆ, ಬಗ್ಗಿಸಿದರೆ ಬೇಗ ಮುರಿಯುತ್ತದೆ, ರೆಸಿಸ್ಟೆನ್ಸ್ ಜಾಸ್ತಿ. ಎಳೆಯ ತುದಿಯನ್ನು ಬ್ಲೇಡಿನಿಂದ ಕೆರೆದು ನೋಡಿ. ಒಳಗೆ ಬೆಳ್ಳಗೆ ಕಂಡರೆ ಅದನ್ನು ಹಾಕಬೇಡಿ.

ಮಹಡಿಕೋಣೆ · ಭಾನುವಾರ

ಐಪರ್ಫ್3 ಮಾಡಿದೆ. 943! ಎಳೆಯನ್ನೂ ಕೆರೆದು ನೋಡಿದೆ, ಪೂರ್ತಿ ತಾಮ್ರ.

ಕೇಬಲ್ ಅನ್ನು ಈಗ ಗೋಡೆಯ ಬುಡಕ್ಕೆ ಸರಿಸಿದ್ದೇನೆ, ಕುರ್ಚಿ ಅಲ್ಲಿಗೆ ಹೋಗಲ್ಲ. ಕ್ಲಿಪ್ ಹೊಡೆಯೋಣ ಅಂದುಕೊಂಡಿದ್ದೇನೆ, ಎಷ್ಟು ಬಿಗಿಯಾಗಿ ಹೊಡೆಯಬೇಕು?

ತಂತಿಮನೆ

ಕ್ಲಿಪ್ ಹೊಡೆದ ಮೇಲೂ ಕೇಬಲ್ ಅನ್ನು ಬೆರಳಲ್ಲಿ ಎಳೆದರೆ ಜಾರಬೇಕು, ಅಷ್ಟು ಸಡಿಲ ಇರಲಿ. ಮೂಲೆಯಲ್ಲಿ ಮಡಿಸಬೇಡಿ, ಎರಡು ಮೂರು ಸೆಂಟಿಮೀಟರ್ ದುಂಡಗೆ ತಿರುಗಿಸಿ. ಮೇಜಿನ ಹಿಂದೆ ಅರ್ಧ ಮೀಟರ್ ಸುತ್ತಿ ಬಿಡಿ. ಮುಂದೆ ಕನೆಕ್ಟರ್ ಬದಲಾಯಿಸಬೇಕಾದರೆ ಅದು ಬೇಕಾಗುತ್ತದೆ.